ಪ್ಲಾಸ್ಟಿಕ್ ಟ್ಯಾಂಕು, ಪೈಪಿಗೆ ಬೆರೆಸುವ ರಾಸಾಯನಿಕವೆಲ್ಲ ವಿಷವೇ?

ಸಾರಾಂಶ

ನೀರಿನ ಟ್ಯಾಂಕು, ಪೈಪುಗಳಿಗೆ ಬೆರೆಸುವ ರಾಸಾಯನಿಕವೆಲ್ಲ ವಿಷ, ಏನೂ ಬೆರೆಸದ ‘ಶುದ್ಧ’ ಪ್ಲಾಸ್ಟಿಕ್ಕನ್ನೇ ಕೊಳ್ಳಿ ಎಂಬ ಮಾತನ್ನು ನೀವೂ ಕೇಳಿರಬಹುದು. ನಾವು ಪರಿಶೀಲಿಸಿದಾಗ ಇದು ಅರ್ಧಸತ್ಯ ಎಂದು ಕಂಡುಬಂತು.

ಏನೂ ಬೆರೆಸದಿದ್ದರೆ ಏನಾಗುತ್ತದೆ?

ಬೀದರ್, ಭಾಲ್ಕಿ, ಔರಾದ್ ಕಡೆ ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಮುಟ್ಟುತ್ತದೆ. ಮಾಳಿಗೆಯ ಮೇಲಿನ ಟ್ಯಾಂಕು, ಹೊಲದಲ್ಲಿ ಹಾಸಿದ ಪೈಪು ಅದಕ್ಕಿಂತ ಹೆಚ್ಚು ಕಾಯುತ್ತವೆ. ಶಾಖ ಮತ್ತು ನೇರಳಾತೀತ ಕಿರಣಗಳು ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಪಳಿಗಳನ್ನು ಮುರಿಯುತ್ತವೆ. ಆಗ ಹುಟ್ಟುವ ‘ಫ್ರೀ ರ್‍ಯಾಡಿಕಲ್’ಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಪಕ್ಕದ ಸರಪಳಿಗಳನ್ನೂ ಕೆಡಿಸುತ್ತಾ ಹೋಗುತ್ತವೆ. ಕೊನೆಗೆ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಡುತ್ತದೆ.

ತಡೆಯುವುದು ಹೇಗೆ?

ಇದಕ್ಕಾಗಿ ಆ್ಯಂಟಿಆಕ್ಸಿಡೆಂಟ್‌ಗಳನ್ನು ಬೆರೆಸುತ್ತಾರೆ. ಇವು ತಮ್ಮ ಹೈಡ್ರೋಜನ್ನನ್ನು ಫ್ರೀ ರ್‍ಯಾಡಿಕಲ್‌ಗೆ ಕೊಟ್ಟು ಅದನ್ನು ತಣ್ಣಗಾಗಿಸುತ್ತವೆ. ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಪ್ರಮಾಣ ಸಾಕು. ಕಪ್ಪು ಬಣ್ಣ ಕೊಡುವ ಕಾರ್ಬನ್ ಬ್ಲ್ಯಾಕ್ ಬಿಸಿಲಿನ ಕಿರಣಗಳನ್ನು ಒಳಗೆ ಇಳಿಯಲು ಬಿಡುವುದಿಲ್ಲ. ನೀರು ಪೂರೈಕೆಯ ಎಚ್‌ಡಿಪಿಇ ಪೈಪಿನಲ್ಲಿ ಅದು ಶೇ. 2ರಿಂದ 3ರಷ್ಟು ಇರಬೇಕೆಂದು ಭಾರತೀಯ ಮಾನಕ ಐಎಸ್ 4984 ಹೇಳುತ್ತದೆ. ಅಂದರೆ ಕಪ್ಪು ಬಣ್ಣ ಕಲಬೆರಕೆಯ ಗುರುತಲ್ಲ.

ಹಾಗಾದರೆ ಚಿಂತೆ ಯಾವುದರ ಬಗ್ಗೆ?

ಸೀಸದ ಬಗ್ಗೆ. ಪಿವಿಸಿಯನ್ನು ಪೈಪು ಮಾಡಲು ಕಾಯಿಸಿದಾಗ ಅದರಿಂದ ಹೈಡ್ರೋಜನ್ ಕ್ಲೋರೈಡ್ ಹೊರಬಂದು ಅದು ಕೆಡುತ್ತದೆ. ಇದನ್ನು ತಡೆಯಲು ಹಿಂದೆ ಸೀಸದ ಸಂಯುಕ್ತಗಳನ್ನು ಹೆಚ್ಚಾಗಿ ಬಳಸುತ್ತಿದ್ದರು. ಆ ಸೀಸ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಇಳಿಯಬಹುದು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ಪಿವಿಸಿ ಪೈಪುಗಳಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸುವ ನಿಯಮ ತಂದಿತು. ಸೀಸದ ಬದಲು ಕ್ಯಾಲ್ಸಿಯಂ-ಸತು ಸಂಯುಕ್ತಗಳನ್ನು ಬಳಸಬಹುದು.

ನೀವು ಏನು ಮಾಡಬಹುದು?

• ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಕುಡಿಯುವ ನೀರಿನ ಪಿವಿಸಿ ಪೈಪಿಗೆ ಐಎಸ್ 4985, ಟ್ಯಾಂಕಿಗೆ ಐಎಸ್ 12701. ಗುರುತಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.
• ಹಳೆಯ ಪಿವಿಸಿ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ; ಬಟ್ಟೆ, ಪಾತ್ರೆಗೆ ಬಳಸಿ.
• ನೀರು ಕಾಯಿಸಿದರೆ ಸೀಸ ಹೋಗುವುದಿಲ್ಲ.

ನಮ್ಮ ತೀರ್ಮಾನ

ಪ್ಲಾಸ್ಟಿಕ್ ಬಾಳಿಕೆ ಬರುವುದೇ ಬೆರೆಸಿದ ರಾಸಾಯನಿಕಗಳಿಂದ. ಬೆರೆಸಿದ್ದಾರೆಯೇ ಎಂದಲ್ಲ, ಏನನ್ನು ಬೆರೆಸಿದ್ದಾರೆ ಎಂದು ಕೇಳಬೇಕು.