ಕಪ್ಪು ಗಾಜಿನ ಪೂರ್ವಚರಿತ್ರೆ

ಬಯಲಿನಲ್ಲಿ ನಡೆಯುವ ತನ್ನ ಹಬ್ಬ ಉತ್ಸವಗಳನ್ನು ವಿಡಿಯೋ ತೆಗೆಸದ ಕನ್ನಡ ಸಂಘ ಇಂದು ಮುಂಬಯಿಯಲ್ಲಿ ಒಂದೂ ಇರಲಾರದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಚಿತ್ರಗಳು ಬರಿಯ ಶೋಕಿಯಲ್ಲ. ಡೊಳ್ಳು ಬಾರಿಸುವ ಕೈ, ಕೋಲಾಟದ ಹೆಜ್ಜೆ, ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತ ಹಿರಿಯರ ಮುಖ, ಇವನ್ನು ಇಲ್ಲಿಯೇ ಹುಟ್ಟಿ ಇಲ್ಲಿಯೇ ಬೆಳೆಯುವ ಮೊಮ್ಮಕ್ಕಳು ನೋಡುವುದಿದ್ದರೆ ಈ ಚಿತ್ರಗಳಲ್ಲೇ ನೋಡಬೇಕು. ಆದರೆ ಹಗಲು ಹನ್ನೊಂದರ ಬಿಸಿಲಿನಲ್ಲಿ ತೆಗೆದದ್ದು ಸಾಮಾನ್ಯವಾಗಿ ಎರಡರಲ್ಲೊಂದು ಬಗೆಯಲ್ಲಿ ಕೆಟ್ಟಿರುತ್ತದೆ. ಒಂದೋ, ಬಿಳಿ ಪಂಚೆ, ನರೆತ ಕೂದಲು, ಹಣೆ ಎಲ್ಲವೂ ಸುಣ್ಣ ಬಳಿದಂತೆ ಒಂದಾಗಿರುತ್ತವೆ. ಇಲ್ಲವೆ, ಬಣ್ಣವೇನೋ ಸರಿಯಾಗಿದ್ದು ಡೊಳ್ಳಿನ ಕೋಲು ಮಾತ್ರ ಗಾಳಿಯಲ್ಲಿ ಹರಿಯದೆ ತುಂಡು ತುಂಡಾಗಿ ನೆಗೆಯುತ್ತದೆ.

ಎರಡಕ್ಕೂ ಮದ್ದು ಒಂದೇ: ಲೆನ್ಸಿನ ಮುಂದೆ ತಿರುಗಿಸುವ ಒಂದು ಕಪ್ಪು ಗಾಜು. ಅಂಗಡಿಯವರು ಅದನ್ನು ‘ವೇರಿಯಬಲ್ ಎನ್.ಡಿ. ಫಿಲ್ಟರ್’ ಎನ್ನುತ್ತಾರೆ. ಎನ್.ಡಿ. ಎಂದರೆ ನ್ಯೂಟ್ರಲ್ ಡೆನ್ಸಿಟಿ, ಅಂದರೆ ಯಾವ ಬಣ್ಣದ ಪಕ್ಷವನ್ನೂ ವಹಿಸದೆ ಬೆಳಕನ್ನು ಮಾತ್ರ ತಗ್ಗಿಸುವಂಥದು. ನಿನ್ನೆ ಮೊನ್ನೆಯ ವಸ್ತುವೆಂದು ಓದುಗರು ಭಾವಿಸಬಾರದು. ಅದರ ವಂಶಾವಳಿ 350 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ನೆಪೋಲಿಯನ್ನನ ದಂಡಿನ ಒಬ್ಬ ಎಂಜಿನಿಯರ್, ಬ್ರಿಸ್ಟಲ್ ನಗರದ ಒಂದು ನಾಯಿ, ಕಾಲೇಜು ಬಿಟ್ಟ ಒಬ್ಬ ಹುಡುಗ ಎಲ್ಲರೂ ಅದರಲ್ಲಿ ಬರುತ್ತಾರೆ. ಬೆಂಗಳೂರು ಮೈಸೂರುಗಳ ಹೆಸರೂ ಬರುತ್ತದೆ.

ಮೊದಲು ಅದರ ಅಗತ್ಯವೇನೆಂಬುದನ್ನು ನೋಡೋಣ. ಹಳೆಯ ಸಿನಿಮಾ ಕ್ಯಾಮೆರಾಗಳಲ್ಲಿ ಷಟರ್ ಎಂದರೆ ತಿರುಗುವ ಅರ್ಧ ತಟ್ಟೆ. ಒಂದು ಸುತ್ತಿನಲ್ಲಿ ಅರ್ಧ ಕಾಲ ಬೆಳಕು ಒಳಗೆ, ಅರ್ಧ ಕಾಲ ಕತ್ತಲೆ. ಸೆಕೆಂಡಿಗೆ 25 ಚಿತ್ರ ತೆಗೆದರೆ ಪ್ರತಿ ಚಿತ್ರಕ್ಕೂ ಸೆಕೆಂಡಿನ 1/50 ಭಾಗ ಬೆಳಕು ಬಿದ್ದಂತಾಯಿತು. ಆಡುವ ಕೈ ಅಷ್ಟು ಹೊತ್ತಿನಲ್ಲಿ ಸ್ವಲ್ಪ ಮಸುಕಾಗುತ್ತದೆ. ಆ ಮಸುಕೇ ಒಂದು ಚಿತ್ರವನ್ನು ಮುಂದಿನದಕ್ಕೆ ಬೆಸೆಯುವುದು. ನೂರು ವರ್ಷಗಳಿಂದ ಸಿನಿಮಾ ನೋಡಿದ ಕಣ್ಣು ಇದಕ್ಕೆ ಒಗ್ಗಿಹೋಗಿದೆ. ಇಂದಿನ ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಬಿಸಿಲು ಕಂಡೊಡನೆ ಅದು ಷಟರನ್ನು 1/2000ಕ್ಕೋ 1/4000ಕ್ಕೋ ಓಡಿಸುತ್ತದೆ. ಬೆಸುಗೆ ಬಿಟ್ಟು ಕೋಲು ನೆಗೆಯತೊಡಗುತ್ತದೆ.

ಷಟರನ್ನು 1/50ರಲ್ಲೇ ಹಿಡಿದಿಟ್ಟರೆ ಎಷ್ಟು ಬೆಳಕು ಹೆಚ್ಚಾಗುತ್ತದೆ? ಛಾಯಾಚಿತ್ರಗಾರರ ಹಳೆಯ ಲೆಕ್ಕವೊಂದುಂಟು: ನಿಚ್ಚಳ ಬಿಸಿಲಿನಲ್ಲಿ ಐ.ಎಸ್.ಒ. 100 ಇದ್ದರೆ ಅಪರ್ಚರ್ ಎಫ್/16, ಷಟರ್ 1/100. ಷಟರ್ 1/50 ಆದರೆ ಬೆಳಕು ಎರಡು ಪಟ್ಟು. ಹಿಂದಿನ ಪೆಂಡಾಲು, ತಂತಿ, ಪ್ಲಾಸ್ಟಿಕ್ ಕುರ್ಚಿಗಳು ಮಸುಕಾಗಿ ಮುಖ ಮಾತ್ರ ಎದ್ದು ಕಾಣಲೆಂದು ಅಪರ್ಚರನ್ನು ಎಫ್/4ಕ್ಕೆ ತೆರೆದರೆ ಮತ್ತೆ 16 ಪಟ್ಟು. ಒಟ್ಟು 32 ಪಟ್ಟು. ಐ.ಎಸ್.ಒ. 800ರಲ್ಲಿ ಕೆಲಸ ಮಾಡುವ ಕ್ಯಾಮೆರಾ ಆದರೆ 256 ಪಟ್ಟು! ಇಷ್ಟನ್ನೂ ಬಾಗಿಲಲ್ಲೇ ತಡೆಯಬೇಕು.

ತಡೆಯುವ ಸರಳ ಉಪಾಯ ಬೂದು ಬಣ್ಣದ ಗಾಜು ಅಥವಾ ಜೆಲಾಟಿನ್ ಹಾಳೆ. ಅವುಗಳ ಮೇಲೆ 0.3, 0.6, 0.9 ಎಂಬ ಅಂಕಿಗಳಿರುತ್ತವೆ. 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ಛಾಯಾಫಲಕಗಳ ಕಪ್ಪನ್ನು ಲಾಗರಿದಮ್ಮಿನಲ್ಲಿ ಅಳೆದು ಅದಕ್ಕೆ ‘ಡೆನ್ಸಿಟಿ’ ಎಂದು ಕರೆದರು. ಈ ಅಂಕಿಗಳು ಆ ಅಳತೆಯವೇ. 2ರ ಲಾಗರಿದಮ್ 0.3 ಆದ್ದರಿಂದ 0.3ರ ಗಾಜು ಬೆಳಕನ್ನು ಅರ್ಧಕ್ಕಿಳಿಸುತ್ತದೆ, 0.6 ಕಾಲಿಗೆ, 0.9 ಅರೆಕಾಲಿಗೆ. ಎರಡು ಗಾಜು ಜೋಡಿಸಿದರೆ ಅಂಕಿಗಳನ್ನು ಕೂಡಿದರಾಯಿತು, ಗುಣಾಕಾರದ ಗೊಡವೆಯಿಲ್ಲ. ಕಚೇರಿಯಲ್ಲಿ ದಿನವಿಡೀ ಕೂಡುವ ಕೆಲಸ ಮಾಡುವ ನಮಗೆ ಈ ವ್ಯವಸ್ಥೆಯ ಮೇಲೆ ವಿಶೇಷ ಪ್ರೀತಿ.

ಇಲ್ಲಿ ನಮ್ಮವರೊಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, ಈ ಮುಂಬಯಿಗೆ ಬಂದು ಗುರುದತ್ತರ ಕಣ್ಣಾಗಿ ದುಡಿದವರು ವಿ. ಕೆ. ಮೂರ್ತಿ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಖಾಲಿ ಸ್ಟುಡಿಯೋದ ನಡುವೆ ಇಳಿದು ಬರುವ ಬೆಳಕಿನ ಕಂಬವನ್ನು ಅವರು ನಿಲ್ಲಿಸಿದ್ದು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನೇ ಕನ್ನಡಿ ಹಿಡಿದು ಒಳಗೆ ತಂದರು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಒಳಗೆ ಸಾಲದ ಬೆಳಕನ್ನು ತರುವುದು ಎಷ್ಟು ದೊಡ್ಡ ವಿದ್ಯೆಯೋ ಹೊರಗೆ ಹೆಚ್ಚಾದ ಬೆಳಕನ್ನು ತಡೆಯುವುದೂ ಅಷ್ಟೇ ದೊಡ್ಡದು. ಆದರೆ ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ತಿರುಗುವ ಗಾಜಿನ ಕಥೆ. 1669ರಲ್ಲಿ ಡೆನ್ಮಾರ್ಕಿನ ಬಾರ್ಥೊಲಿನ್ ಎಂಬ ಪಂಡಿತ, ಐಸ್‌ಲೆಂಡಿನಿಂದ ಬಂದ ತಿಳಿಯಾದ ಒಂದು ಹರಳಿನ ಮೂಲಕ ನೋಡಿದರೆ ಒಂದು ಗೆರೆ ಎರಡಾಗಿ ಕಾಣುವುದನ್ನು ಬರೆದಿಟ್ಟ. ಅದು ಕ್ಯಾಲ್ಸೈಟ್. ಡಚ್ ವಿಜ್ಞಾನಿ ಹೈಗೆನ್ಸ್ 1690ರ ತನ್ನ ಗ್ರಂಥದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಂದು ಹರಳಿನಿಂದ ಬಂದ ಬೆಳಕನ್ನು ಎರಡನೆಯ ಹರಳಿಗೆ ಬಿಟ್ಟು ಎರಡನೆಯದನ್ನು ತಿರುಗಿಸುತ್ತ ಹೋದರೆ ಬಿಂಬಗಳು ಮಂಕಾಗಿ, ಮಾಯವಾಗಿ, ಮತ್ತೆ ಮೂಡುತ್ತವೆ ಎಂದು ಬರೆದ. ಕಾರಣ ಮಾತ್ರ ತನಗೆ ಹೊಳೆದಿಲ್ಲವೆಂದು ಒಪ್ಪಿಕೊಂಡ. ಇಂದು ನಾವು ಲೆನ್ಸಿನ ಮುಂದೆ ತಿರುಗಿಸುವುದು ಇದನ್ನೇ.

ನಂತರ ಸುಮಾರು ನೂರಿಪ್ಪತ್ತು ವರ್ಷ ವಿಷಯ ಅಲ್ಲೇ ನಿಂತಿತು. ಎತಿಯೆನ್ ಲೂಯಿ ಮಾಲುಸ್ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋಗಿ, ಅಲ್ಲಿ ಪ್ಲೇಗು ತಗಲಿ, ಬದುಕಿ ಬಂದ ಸೇನಾ ಎಂಜಿನಿಯರ್. 1808ರಲ್ಲಿ ಒಂದು ಸಂಜೆ ಪ್ಯಾರಿಸ್ಸಿನ ತನ್ನ ಮನೆಯಿಂದ, ಎದುರಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ಹರಳಿನ ಮೂಲಕ ನೋಡಿದ. ಹರಳನ್ನು ತಿರುಗಿಸಿದಂತೆ ಎರಡು ಬಿಂಬಗಳು ಸರದಿಯಂತೆ ಮಂಕಾದವು. ಹರಳಿಗೆ ಮಾತ್ರ ಸೇರಿದ್ದೆಂದು ತಿಳಿದಿದ್ದ ಗುಣ ಗಾಜಿನಲ್ಲಿ ಪ್ರತಿಫಲಿಸಿದ ಬೆಳಕಿನಲ್ಲೂ ಇತ್ತು! ಆ ಗುಣಕ್ಕೆ ‘ಪೋಲರೈಸೇಷನ್’ ಎಂದು ಹೆಸರಿಟ್ಟವನೂ ಅವನೇ. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಧ್ರುವೀಕರಣ. ಮಾಡಿನಿಂದ ಇಳಿಬಿಟ್ಟ ಹಗ್ಗವನ್ನು ಹೇಗೆಂದರೆ ಹಾಗೆ ಅಲುಗಾಡಿಸಬಹುದು; ಅದನ್ನು ಬೇಲಿಯ ಸಂದಿಯಲ್ಲಿ ತೂರಿಸಿದರೆ ಸಂದಿಯ ಉದ್ದಕ್ಕೆ ಮಾತ್ರ ಅಲುಗುತ್ತದೆ. ಬೆಳಕಿನ ಅಲೆಗೆ ಧ್ರುವಕ ಗಾಜು ಅಂಥ ಬೇಲಿ. ಎರಡನೆಯ ಬೇಲಿಯನ್ನು ಅಡ್ಡಲಾಗಿಟ್ಟರೆ ಏನೂ ದಾಟದು.

ಓರೆಯಾಗಿಟ್ಟರೆ ಎಷ್ಟು ದಾಟುತ್ತದೆ ಎಂಬುದಕ್ಕೆ ಮಾಲುಸ್ 1809ರಲ್ಲಿ ನಿಯಮ ಕೊಟ್ಟ: ಕೋನದ ಕೊಸೈನಿನ ವರ್ಗ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ನಾವು ಇದನ್ನು ಗ್ರಾಫ್ ಹಾಳೆಯಲ್ಲಿ ಬರೆದದ್ದುಂಟು. ಏತಕ್ಕೆಂದು ಆಗ ಯಾರೂ ಹೇಳಲಿಲ್ಲ. 45 ಡಿಗ್ರಿಯಲ್ಲಿ ಅರ್ಧ, 60ರಲ್ಲಿ ಕಾಲು. ಇಲ್ಲಿಯವರೆಗೆ ಸೌಮ್ಯ. 80ಕ್ಕೆ ಸುಮಾರು 1/33, 85ಕ್ಕೆ 1/132, 88ಕ್ಕೆ 1/820, 89ಕ್ಕೆ ಸುಮಾರು 1/3300. ಅಂದರೆ ಕೊನೆಯ ಕೆಲವು ಡಿಗ್ರಿಗಳಲ್ಲಿ ಕೂದಲೆಳೆಯಷ್ಟು ತಿರುಗಿಸಿದರೂ ಬೆಳಕು ಪಾತಾಳಕ್ಕಿಳಿಯುತ್ತದೆ. ಒಳ್ಳೆಯ ಫಿಲ್ಟರುಗಳಲ್ಲಿ ಉಂಗುರ ಅಷ್ಟು ದೂರ ಹೋಗದಂತೆ ತಡೆ ಇಟ್ಟಿರುವುದು ಇದಕ್ಕೇ. ಫ್ರಾನ್ಸ್ ಇಂಗ್ಲೆಂಡುಗಳ ನಡುವೆ ಯುದ್ಧ ನಡೆಯುತ್ತಿದ್ದಾಗಲೇ ಲಂಡನ್ನಿನ ರಾಯಲ್ ಸೊಸೈಟಿ ಮಾಲುಸ್‌ನಿಗೆ ರಮ್‌ಫರ್ಡ್ ಪದಕ ಕೊಟ್ಟಿತು. ಆತ 1812ರಲ್ಲಿ, 36ರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡ.

ಬೆಳಕನ್ನು ಅಳತೆಯಿಟ್ಟು ತಗ್ಗಿಸಲು ಈ ನಿಯಮವನ್ನು ಚೆನ್ನಾಗಿ ದುಡಿಸಿಕೊಂಡವರು ಖಗೋಳಜ್ಞರು. 1828ರಲ್ಲಿ ಎಡಿನ್‌ಬರೋದ ನಿಕೋಲ್ ಕ್ಯಾಲ್ಸೈಟನ್ನು ಸೀಳಿ ಅಂಟಿಸಿ ತನ್ನ ಹೆಸರಿನ ಪ್ರಿಸಂ ಮಾಡಿದ. 1860ರ ಸುಮಾರಿಗೆ ಜರ್ಮನಿಯ ಜೋಲ್ನರ್ ಅಂಥ ಪ್ರಿಸಂಗಳನ್ನು ತಿರುಗಿಸಿ ಕೃತಕ ನಕ್ಷತ್ರವೊಂದನ್ನು ನಿಜ ನಕ್ಷತ್ರದಷ್ಟೇ ಮಂಕಾಗಿಸಿ ಕಾಂತಿಯನ್ನು ಅಳೆದ. ಹಾರ್ವರ್ಡಿನ ಪಿಕರಿಂಗ್ ಇದೇ ತತ್ವದ ಉಪಕರಣದಿಂದ ಸಾವಿರಾರು ನಕ್ಷತ್ರಗಳನ್ನು ಧ್ರುವ ನಕ್ಷತ್ರದೊಡನೆ ಹೋಲಿಸಿ ಪಟ್ಟಿ ಮಾಡಿದ. ಆದರೆ ಕ್ಯಾಲ್ಸೈಟ್ ದುಬಾರಿ, ಪ್ರಿಸಂ ಹೆಬ್ಬೆರಳಿನಷ್ಟು. ಲೆನ್ಸಿನ ಬಾಯಿಯಷ್ಟು ಅಗಲದ್ದು ಕನಸಿನ ಮಾತು.

ಅಗಲದ ಹಾಳೆ ಸಿಕ್ಕಿದ್ದು ವಿಚಿತ್ರ ದಾರಿಯಿಂದ. ಬ್ರಿಸ್ಟಲಿನ ವೈದ್ಯ ಹೆರಪಾತ್ ಎಂಬಾತನ ಶಿಷ್ಯನೊಬ್ಬ, ಕ್ವಿನೈನ್ ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೋಡಿನ್ ಹನಿಸಿದಾಗ ಹಸಿರು ಮಿಂಚಿನ ಸಣ್ಣ ಹರಳುಗಳು ಕಂಡವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಹರಳು ಅಡ್ಡಡ್ಡ ಬಿದ್ದಲ್ಲಿ ಕಾಡಿಗೆಯ ಕಪ್ಪು! ಹೆರಪಾತ್ ಇದನ್ನು 1852ರಲ್ಲಿ ಪ್ರಕಟಿಸಿದ. ದೊಡ್ಡ ಹರಳು ಬೆಳೆಸಲು ಹೋಗಿ ಅನೇಕರು ಸೋತರು. ಅಷ್ಟು ಬೆಳೆಯುವ ಮೊದಲೇ ಅವು ಪುಡಿಯಾಗುತ್ತಿದ್ದವು.

1926ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕಿಗೆ ಬಂದ ಎಡ್ವಿನ್ ಲ್ಯಾಂಡ್ ಎಂಬ ಹದಿನೇಳರ ಹುಡುಗ ಹೆರಪಾತನ ಹರಳುಗಳ ವಿಷಯ ಓದಿ ತಲೆಕೆಳಗಾಗಿ ಯೋಚಿಸಿದ: ದೊಡ್ಡ ಹರಳು ಏಕೆ? ಕೋಟ್ಯಂತರ ಸಣ್ಣ ಹರಳುಗಳನ್ನು ಅಂಟಿನಲ್ಲಿ ತೇಲಿಸಿ ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಿದರಾಗದೇ? 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1937ರಲ್ಲಿ ಪೋಲರಾಯ್ಡ್ ಕಂಪನಿ ಹುಟ್ಟಿತು. ಮರುವರ್ಷ ಹರಳನ್ನೂ ಕೈಬಿಟ್ಟು, ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಹಿಗ್ಗಿಸಿ ಅಯೋಡಿನ್ ಹಿಡಿಸುವ ವಿಧಾನ ಕಂಡುಕೊಂಡ. ಅವನ ಆಸೆಯಿದ್ದದ್ದು ಎದುರು ಬರುವ ಮೋಟಾರಿನ ದೀಪ ಕಣ್ಣು ಕುಕ್ಕದಂತೆ ಮಾಡುವುದು. ಮೋಟಾರು ಕಂಪನಿಗಳು ಕೊನೆಗೂ ಒಪ್ಪಲಿಲ್ಲ. ಆದರೆ 1930ರ ದಶಕದ ಕೊನೆಯಲ್ಲಿ ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲಿನ ಒಂದು ಬೋಗಿಯ ಕಿಟಕಿಗಳಿಗೆ ಇಂಥ ಎರಡೆರಡು ಗಾಜು ಕೂರಿಸಿದರು. ಪ್ರಯಾಣಿಕ ಒಳಗಿನ ಗಾಜನ್ನು ತಿರುಗಿಸಿ ಬಿಸಿಲನ್ನು ಬೇಕಾದಷ್ಟು ಇಳಿಸಿಕೊಳ್ಳಬಹುದಿತ್ತು. ನಮ್ಮ ಫಿಲ್ಟರಿನ ನೇರ ಅಣ್ಣ ಇದೇ ಕಿಟಕಿ. ನಮ್ಮಲ್ಲಿ ಈ ಹಾಳೆಯನ್ನು ಅನೇಕರು ಮೊದಲು ಮೂಗಿನ ಮೇಲಿಟ್ಟದ್ದು 1984ರ ಮಲಯಾಳಂ ಚಿತ್ರ ‘ಮೈ ಡಿಯರ್ ಕುಟ್ಟಿಚಾತ್ತಾನ್’ ಬಂದಾಗ. ಹಿಂದಿಯಲ್ಲಿ ಅದು ‘ಛೋಟಾ ಚೇತನ್’.

ವಿಡಿಯೋದವರಿಗೆ ಇದು ಬೇಕಾದದ್ದು ತಡವಾಗಿ. ಟಿ.ವಿ.ಯವರ ದೊಡ್ಡ ಕ್ಯಾಮೆರಾಗಳ ಒಳಗೇ ಬೂದು ಗಾಜಿನ ಚಕ್ರವಿರುತ್ತಿತ್ತು. 2008ರಲ್ಲಿ ನಿಕಾನ್, ಕ್ಯಾನನ್ ಕಂಪನಿಗಳ ಸ್ಟಿಲ್ ಕ್ಯಾಮೆರಾಗಳೇ ವಿಡಿಯೋ ತೆಗೆಯತೊಡಗಿದವು. ಅವುಗಳಲ್ಲಿ ಆ ಚಕ್ರವಿರಲಿಲ್ಲ. ಮದುವೆ ಮುಂಜಿಗಳ ಚಿತ್ರ ತೆಗೆಯುವವರೆಲ್ಲ ಆಗ ತಿರುಗುವ ಫಿಲ್ಟರಿಗೆ ಮುಗಿಬಿದ್ದರು.

ಇದಕ್ಕೆ ದೋಷಗಳೂ ಉಂಟು, ಎಲ್ಲವೂ ಹುಟ್ಟುಗುಣಗಳೇ. ಮುಂದಿನ ಗಾಜು ತಾನೊಂದೇ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುವುದರಿಂದ ಉಂಗುರ ಪೂರ್ತಿ ತೆರೆದಿದ್ದರೂ ಸಂಜೆಗೆ ಇದು ಬೇಡ, ಕಳಚಿಡುವುದು ಲೇಸು. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದ ಬೆಳಕು ಮೊದಲೇ ಧ್ರುವೀಕೃತವಾಗಿರುವುದರಿಂದ, ಅಗಲ ಲೆನ್ಸಿನಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಡುನೀಲಿಯಾಗುತ್ತದೆ. ಮುಖದ ಮೇಲಿನ ಬೆವರಿನ ಹೊಳಪು ಪೂರ್ತಿ ಅಳಿದರೆ ಮುಖ ಮಣ್ಣಿನದೆನಿಸುತ್ತದೆ. ಲೋಹದ ಹೊಳಪಿಗೆ ಅಷ್ಟು ಧಕ್ಕೆಯಿಲ್ಲ. ಅಯೋಡಿನ್ ಹಾಳೆ ಕಣ್ಣಿಗೆ ಕಾಣದ ಅವಕೆಂಪನ್ನು ತಡೆಯಲಾರದು. ಕ್ಯಾಮೆರಾಕ್ಕೆ ಅದು ಸ್ವಲ್ಪ ಕಾಣುತ್ತದೆ. ಹಾಗಾಗಿ ಗಾಢವಾಗಿ ತಿರುಗಿಸಿದಾಗ ಕರಿ ಕೋಟು ಕಂದು ಕೋಟಾಗುವುದುಂಟು.

ಎಲ್ಲಕ್ಕಿಂತ ಕುಖ್ಯಾತವಾದದ್ದು ಚಿತ್ರದ ಮೇಲೆ ಬೀಳುವ ಗುಣಿಸು ಚಿಹ್ನೆಯ ಕರಿನೆರಳು. ಎರಡು ಗಾಜುಗಳು ನೇರ ಬಂದ ಕಿರಣಕ್ಕೆ ಅಡ್ಡಡ್ಡವಾಗಿದ್ದರೂ ಓರೆ ಕಿರಣದ ದೃಷ್ಟಿಯಿಂದ ಅವುಗಳ ನಡುವಿನ ಕೋನ ಬೇರೆಯೇ ಆಗುತ್ತದೆ. ಕೊಸೈನಿನ ಆ ಕಡಿದಾದ ಇಳಿಜಾರಿನಲ್ಲಿ ಒಂದೆರಡು ಡಿಗ್ರಿಯ ವ್ಯತ್ಯಾಸವೇ ಸಾಕು. ಆದ್ದರಿಂದ ಚಿತ್ರದ ಕೆಲವು ಭಾಗ ಸೋರುತ್ತದೆ, ಕೆಲವು ಭಾಗ ಕಪ್ಪಿಡುತ್ತದೆ. ಅಗಲ ಲೆನ್ಸ್ ಬಿಟ್ಟು ಸ್ವಲ್ಪ ಹಿಂದೆ ಸರಿದು ಉದ್ದ ಲೆನ್ಸಿನಲ್ಲಿ ತೆಗೆದರೆ ಈ ಕಾಟವಿಲ್ಲ.

ಇದೇ ಓರೆ ಕಿರಣದ ತೊಂದರೆ ಮನೆಯ ಎಲ್.ಸಿ.ಡಿ. ಟಿ.ವಿ.ಗೂ ಉಂಟು. ಅದೂ ಎರಡು ಧ್ರುವಕ ಹಾಳೆಗಳ ನಡುವೆ ದ್ರವಸ್ಫಟಿಕ ತುಂಬಿದ ಸಾಧನವಲ್ಲವೇ. ಇಲ್ಲಿ ಬೆಂಗಳೂರು ಬರುತ್ತದೆ. ಸರ್ ಸಿ. ವಿ. ರಾಮನ್ನರ ಸೋದರಸಂಬಂಧದ ಹುಡುಗ ಎಸ್. ಪಂಚರತ್ನಂ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, 1955ರಲ್ಲಿ, ಎಲ್ಲ ಬಣ್ಣಗಳಿಗೂ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುವ ಕ್ವಾರ್ಟರ್ ವೇವ್ ಫಲಕದ ಜೋಡಣೆಯನ್ನು ತೋರಿಸಿಕೊಟ್ಟರು. ಆಗ ಅವರಿಗೆ 21 ವರ್ಷ. ನಾವು ಅಂಗಡಿಯಲ್ಲಿ ಕೇಳುವ ‘ಸರ್ಕ್ಯುಲರ್ ಪೋಲರೈಸರ್’ ಎಂಬುದರ ಜೀವ ಈ ಬಗೆಯ ಫಲಕವೇ. ಮರುವರ್ಷ ಧ್ರುವೀಕೃತ ಬೆಳಕಿನ ಬಗ್ಗೆ ಅವರು ಬರೆದದ್ದು ಇಂದು ‘ಪಂಚರತ್ನಂ ಫೇಸ್’ ಎಂದು ಲೋಕವಿಖ್ಯಾತ; ಲೋಕ ಅದನ್ನು ಗುರುತಿಸುವಾಗ ಅವರು ಬದುಕಿರಲಿಲ್ಲ. ಕೆಲವು ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದು ಆಕ್ಸ್‌ಫರ್ಡಿಗೆ ಹೋದವರು 1969ರಲ್ಲಿ ಅಲ್ಲೇ ತೀರಿಕೊಂಡರು. ಅವರ ಅಣ್ಣ ಎಸ್. ಚಂದ್ರಶೇಖರ್ ಮೈಸೂರಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಬಳಿಕ ರಾಮನ್ ಸಂಸ್ಥೆಗೆ ಬಂದು, 1977ರಲ್ಲಿ ಸಂಗಡಿಗರೊಡನೆ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಎಲ್.ಸಿ.ಡಿ. ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಿದ್ದು ಅಂಥ ಬಿಲ್ಲೆ ಅಣುಗಳ ಹಾಳೆಯಿಂದಲೇ.

2015ರಲ್ಲಿ ಬಂದ ಸೋನಿ ಎಫ್.ಎಸ್.5 ಕ್ಯಾಮೆರಾದಲ್ಲಿ ತಿರುಗುವ ಉಂಗುರವೇ ಇಲ್ಲ. ಒಳಗಿನ ದ್ರವಸ್ಫಟಿಕಕ್ಕೆ ವಿದ್ಯುತ್ತು ಹರಿಸಿ ಬೆಳಕನ್ನು ಏರಿಳಿಸುತ್ತಾರೆ. ಸಂಘಗಳ ಕೈಗೆ ಎಟುಕುವ ಬೆಲೆ ಅದರದಲ್ಲ. ನಮ್ಮ ಅಭಿಪ್ರಾಯದಲ್ಲಿ, ಒಂದೇ ಕಡೆ ಕುಳಿತು ನಡೆಯುವ ಸಭೆಗೆ 0.9ರ ಒಂದು, 0.6ರ ಒಂದು ಸ್ಥಿರ ಗಾಜು ಸಾಕು. ಬಣ್ಣ ಕೆಡದು, ನೆರಳು ಬೀಳದು. ಬೀದಿಯಿಂದ ಮರದ ನೆರಳಿಗೆ, ನೆರಳಿನಿಂದ ಬಯಲಿಗೆ ಸಾಗುವ ಮೆರವಣಿಗೆಗೆ ಮಾತ್ರ ತಿರುಗುವ ಗಾಜೇ ಬೇಕು. ಷಟರನ್ನು 1/50ಕ್ಕೆ ಕಟ್ಟಿಹಾಕಿ, ಉಂಗುರದ ಮೇಲೊಂದು ಬೆರಳಿಟ್ಟು, ಮುಂದಿನ ಸಾಲಿನ ಅಜ್ಜನ ಹಣೆಯ ಮೇಲೆ ಕಣ್ಣಿಟ್ಟು ತಿರುಗಿಸುತ್ತ ಹೋಗಬೇಕು. ಹಣೆಯ ಗೆರೆಗಳು ಎಣಿಸುವಂತೆ ಕಂಡಲ್ಲಿಗೆ ನಿಲ್ಲಿಸಬೇಕು.