ಯಾರ ಮನೆಮಾತೂ ಅಲ್ಲದ ಮೂರು ಹಾಡು

2005ರಲ್ಲಿ ಬಂದ ಎನ್ಯಾ ಅವರ ‘ಅಮರಂಟೈನ್’ ಆಲ್ಬಮ್ ಕೇಳಿದೀರಾ? ಅದರ 12 ಟ್ರ್ಯಾಕ್‌ಗಳಲ್ಲಿ ಮೂರರ ಭಾಷೆ ಲೋಕ್ಸಿಯನ್. ಮ್ಯಾಪ್‌ನಲ್ಲಿ ಹುಡುಕಬೇಡಿ, ಸಿಗಲ್ಲ. ಎನ್ಯಾಗೆ ಸಾಹಿತ್ಯ ಬರೆಯೋ ರೋಮಾ ರಯನ್ ಕಟ್ಟಿದ ಭಾಷೆ ಅದು.

ಯಾಕೆ ಬೇಕಾಯ್ತು? ಇವರ ತಂಡದಲ್ಲಿ ಮೊದಲು ಟ್ಯೂನ್, ಆಮೇಲೆ ಸಾಹಿತ್ಯ. ಒಂದು ಟ್ಯೂನ್‌ಗೆ ಇಂಗ್ಲಿಷ್, ಐರಿಷ್, ಲ್ಯಾಟಿನ್ ಎಲ್ಲ ಹಾಕಿ ನೋಡಿದ್ರು. ಯಾವುದೂ ಕೂರಲಿಲ್ಲ. 2001ರ ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗೆ ಟೋಲ್ಕಿನ್ ಕಟ್ಟಿದ ಎಲ್ವಿಶ್ ಭಾಷೆಗಳಲ್ಲಿ ಹಾಡು ಮಾಡಿದ ಅನುಭವ ಇತ್ತಲ್ಲ, ಅಲ್ಲಿಂದ ದಾರಿ ಸಿಕ್ತು. ರೋಮಾ ಲೋಕ್ಸಿಯನ್‌ಗೆ ಲಿಪಿಯನ್ನೂ ಮಾಡಿದ್ರು. ಅದನ್ನು ಆಡೋರು ದೂರದ ಗ್ರಹದವರು ಅಂತ ಕಥೆಯನ್ನೂ ಬರೆದ್ರು.

ನನ್ನನ್ನು ಕಾಡೋದು ಬೇರೆ ವಿಷಯ. ಎನ್ಯಾ ಹುಟ್ಟೂರು ಐರ್ಲೆಂಡ್‌ನ ಗ್ವೀಡೋರ್. ಐರಿಷ್ ಇನ್ನೂ ಮನೆಮಾತಾಗಿ ಉಳಿದಿರುವ ಕೆಲವೇ ಕಡೆಗಳಲ್ಲಿ ಅದೂ ಒಂದು. ಆದ್ರೆ ಈ 12ರಲ್ಲಿ ಒಂದೂ ಐರಿಷ್ ಹಾಡಿಲ್ಲ! 2007ರಲ್ಲಿ ಇದಕ್ಕೇ ಗ್ರ್ಯಾಮಿ ಬಂತು.

ಇದು ತಾಯ್ನುಡಿಗೆ ದ್ರೋಹವಾ? ನಂಗೆ ಹಾಗನ್ನಿಸಲ್ಲ. 2008ರ ಆಲ್ಬಮ್‌ನಲ್ಲಿ ಅವರು ಮತ್ತೆ ಐರಿಷ್‌ನಲ್ಲಿ ಹಾಡಿದ್ರು, 2015ರಲ್ಲಿ ಮತ್ತೆ ಲೋಕ್ಸಿಯನ್‌ನಲ್ಲಿ. ಆದ್ರೆ ಒಂದು ವ್ಯತ್ಯಾಸ ಇದೆ. ಹಾಡು ನಿಂತ ಮೇಲೂ ಗ್ವೀಡೋರ್‌ನಲ್ಲಿ ಅಮ್ಮಂದಿರು ಮಕ್ಕಳನ್ನ ಐರಿಷ್‌ನಲ್ಲೇ ಊಟಕ್ಕೆ ಕರೀತಾರೆ. ಲೋಕ್ಸಿಯನ್‌ನಲ್ಲಿ ಕರೆಯೋರು ಯಾರೂ ಇಲ್ಲ.