ನರ ಮತ್ತು ಸ್ನಾಯುವಿನ ಪರೀಕ್ಷೆ: ಎನ್‌ಸಿಎಸ್ ಮತ್ತು ಇಎಂಜಿ

ಕೈಕಾಲು ಜೋಮು ಹಿಡಿಯುವುದು, ಉರಿ, ಬಲ ಕುಂದುವುದು ಇದ್ದರೆ ತೊಂದರೆ ನರದಲ್ಲಿದೆಯೇ, ಸ್ನಾಯುವಿನಲ್ಲಿದೆಯೇ ಎಂದು ತಿಳಿಯಲು ವೈದ್ಯರು ಈ ಎರಡು ಪರೀಕ್ಷೆಗಳನ್ನು ಸಾಮಾನ್ಯವಾಗಿ ಒಟ್ಟಿಗೇ ಮಾಡಿಸುತ್ತಾರೆ.

ಎನ್‌ಸಿಎಸ್‌ನಲ್ಲಿ ಚರ್ಮದ ಮೇಲಿಂದ ನರಕ್ಕೆ ಸಣ್ಣ ಕರೆಂಟ್ ಕೊಟ್ಟು, ಸಂಕೇತ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಅಳೆಯುತ್ತಾರೆ. ಕ್ಷಣಕಾಲ ಚುರುಕ್ಕೆನ್ನುತ್ತದೆ. ಇಎಂಜಿಯಲ್ಲಿ ತೆಳು ಸೂಜಿ ಚುಚ್ಚಿ, ಸ್ನಾಯು ಸಡಿಲವಾಗಿದ್ದಾಗ ಮತ್ತು ಬಿಗಿಹಿಡಿದಾಗ ಅದರ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುತ್ತಾರೆ. ಸೂಜಿಯಲ್ಲಿ ಕರೆಂಟ್ ಹಾಯಿಸುವುದಿಲ್ಲ. ಎರಡಕ್ಕೂ ಸೇರಿ ಸುಮಾರು 30ರಿಂದ 90 ನಿಮಿಷ ಬೇಕು.

ಅಂದು ಸ್ನಾನ ಮಾಡಿ, ಎಣ್ಣೆ ಅಥವಾ ಕ್ರೀಮ್ ಹಚ್ಚದೆ, ಸಡಿಲ ಬಟ್ಟೆ ಧರಿಸಿ ಹೋಗಿ. ಪೇಸ್‌ಮೇಕರ್ ಇದ್ದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಅಥವಾ ಮಯಸ್ತೇನಿಯಾದ ಔಷಧಿ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ನೀವಾಗಿಯೇ ಯಾವ ಔಷಧಿಯನ್ನೂ ನಿಲ್ಲಿಸಬೇಡಿ.

ವರದಿ ನಾರ್ಮಲ್ ಬಂದರೆ ಕಾಯಿಲೆಯೇ ಇಲ್ಲ ಎಂದರ್ಥವಲ್ಲ. ನರಕ್ಕೆ ಪೆಟ್ಟಾದ ಮೊದಲ 2–3 ವಾರ ಇಎಂಜಿಯಲ್ಲಿ ಬದಲಾವಣೆ ಸರಿಯಾಗಿ ಕಾಣದಿರಬಹುದು. ಮಧುಮೇಹಿಗಳಲ್ಲಿ ಪಾದದ ಉರಿಗೆ ಕಾರಣವಾಗುವ ಸಣ್ಣ ನರತಂತುಗಳ ಹಾನಿ ಎನ್‌ಸಿಎಸ್‌ನಲ್ಲಿ ಗೊತ್ತಾಗುವುದಿಲ್ಲ. ಲಕ್ಷಣಗಳು ಮುಂದುವರಿದರೆ ವರದಿಯೊಂದಿಗೆ ಮತ್ತೆ ವೈದ್ಯರನ್ನು ಕಾಣಿ.

ಕೆಲವೇ ದಿನಗಳಲ್ಲಿ ನಿಶ್ಶಕ್ತಿ ಕಾಲಿನಿಂದ ಮೇಲಕ್ಕೆ ಏರುತ್ತಿದ್ದರೆ, ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ, ಪರೀಕ್ಷೆಯ ದಿನಕ್ಕೆ ಕಾಯಬೇಡಿ. ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.